ಹೊರೆ ಹೊರುವ ಹೆಣ್ಣುಮಕ್ಕಳು ಮುಚ್ಚಿಡಬಾರದ ತೊಂದರೆ

(ರೈತ ಮಹಿಳೆಯರ ತರಬೇತಿ ಶಿಬಿರದಲ್ಲಿ ಫಿಸಿಯೋಥೆರಪಿ ತಜ್ಞೆಯೊಬ್ಬರು ಮಾಡಿದ ಭಾಷಣ)



ಈ ಶಿಬಿರದಲ್ಲಿ ನೀವು ಬೀಜೋಪಚಾರ, ಹೈನುಗಾರಿಕೆ, ಕೈತೋಟಗಳ ವಿಷಯ ಕೇಳಿದಿರಿ. ನಾನು ಹೇಳಲಿರುವುದು ಈ ಕೆಲಸಗಳನ್ನೆಲ್ಲ ಮಾಡುವ ಮೈಯ ವಿಷಯ. ಸಭೆಯಲ್ಲಿ ಆಡಲು ಸಂಕೋಚಪಡುವ ಮಾತು ಇದು. ಆದರೆ ಸಂಕೋಚದಿಂದಲೇ ಈ ತೊಂದರೆ ಬೆಳೆಯುವುದರಿಂದ ನೇರವಾಗಿಯೇ ಹೇಳುತ್ತೇನೆ.

ನನ್ನ ಬಳಿಗೆ ಬಂದ ಒಬ್ಬ ತಾಯಿ ಹೀಗೆಂದರು: "ಕರು ಹಾಕಿದ ಹಸುವಿಗೆ ಗರ್ಭಕೋಶ ಹೊರಗೆ ಬಂದಾಗ ನಮ್ಮ ಯಜಮಾನರು ನಡುರಾತ್ರಿಯಲ್ಲೇ ಹೋಗಿ ದನದ ಡಾಕ್ಟರನ್ನು ಕರೆತಂದರು. ನನಗೂ ಅದೇ ಆಗಿ ಹನ್ನೆರಡು ವರ್ಷವಾಯಿತು. ನಾನು ಯಾರಿಗೂ ಹೇಳಲಿಲ್ಲ." ಆಕೆ ಹನ್ನೆರಡು ವರ್ಷವೂ ಬಟ್ಟೆ ಕಟ್ಟಿಕೊಂಡು ನಾಟಿ ಮಾಡಿದ್ದರು, ಹುಲ್ಲಿನ ಹೊರೆ ಹೊತ್ತಿದ್ದರು. ಮೂತ್ರದ ವಾಸನೆ ಬಂದೀತೆಂದು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದರು. ತಪ್ಪು ಆಕೆಯ ಗಂಡನದಲ್ಲ, ಅವರಿಗೆ ತಿಳಿದೇ ಇರಲಿಲ್ಲ. ಹಸು ಮುಚ್ಚಿಡಲಿಲ್ಲ, ಹೆಂಗಸು ಮುಚ್ಚಿಟ್ಟಳು. ವ್ಯತ್ಯಾಸ ಇಷ್ಟೇ.

ಸೊಂಟದ ತಳದ ಮಾಂಸಖಂಡಗಳು

ನಮ್ಮ ಸೊಂಟದ ಎಲುಬಿನ ಬಟ್ಟಲಿಗೆ ತಳದಲ್ಲಿ ಎಲುಬಿಲ್ಲ. ಮುಂದಿನ ಎಲುಬಿನಿಂದ ಹಿಂದಿನ ಬಾಲದೆಲುಬಿನವರೆಗೆ ಮಾಂಸಖಂಡಗಳು ಜೋಲಿಯಂತೆ ಹರಡಿಕೊಂಡಿವೆ. ಮೂತ್ರಕೋಶ, ಗರ್ಭಕೋಶ, ಮಲಕೋಶ ಈ ಮೂರನ್ನೂ ಹೊತ್ತಿರುವುದು ಈ ಜೋಲಿಯೇ. ಬೇಕಾದಾಗ ಮಲಮೂತ್ರಗಳನ್ನು ತಡೆಯುವುದೂ ಬಿಡುವುದೂ ಇದರ ಕೆಲಸ.

ಹೆರಿಗೆಯಲ್ಲಿ ಈ ಜೋಲಿ ಬಹಳ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಅದು ಕೂಡಿಕೊಳ್ಳುವ ಮೊದಲೇ ಕೊಡ, ಸೌದೆ, ಗೊಬ್ಬರದ ಮಂಕರಿ ಹೊತ್ತರೆ ಇನ್ನಷ್ಟು ಸಡಿಲವಾಗುತ್ತದೆ. ಬಿಡದ ಕೆಮ್ಮು, ಮಲಬದ್ಧತೆಯಿಂದ ದಿನವೂ ಮುಕ್ಕುವುದು, ಮುಟ್ಟು ನಿಂತ ನಂತರದ ವಯಸ್ಸು, ಅತಿ ಬೊಜ್ಜು ಇವೂ ಕಾರಣಗಳು. ಆಗ ಕೆಮ್ಮಿದರೆ, ಸೀನಿದರೆ ಮೂತ್ರ ಜಾರುತ್ತದೆ. ಸಂಜೆಯ ಹೊತ್ತಿಗೆ ಕೆಳಗೆ ಭಾರವೆನಿಸುತ್ತದೆ, ಗಂಟಿನಂತೆ ಏನೋ ಕೈಗೆ ಸಿಗುತ್ತದೆ. ಇದು ಪಾಪದ ಫಲವೂ ಅಲ್ಲ, ವಯಸ್ಸಾದ ಮೇಲೆ ಸಹಿಸಲೇಬೇಕಾದದ್ದೂ ಅಲ್ಲ.

ಚಿಕಿತ್ಸೆ ಯಾರಿಗೆ?

ದುರ್ಬಲವಾದ ತೋಳಿಗೆ ವ್ಯಾಯಾಮದಿಂದ ಬಲ ಬರುವಂತೆ ಈ ಖಂಡಗಳಿಗೂ ಬರುತ್ತದೆ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಈ ವ್ಯಾಯಾಮದ ಕುರಿತು 1948ರಲ್ಲಿ ಲೇಖನ ಪ್ರಕಟಿಸಿದರು. ಇಂದಿಗೂ ಅವರ ಹೆಸರಿನಲ್ಲೇ ಇದನ್ನು ಕರೆಯುವುದುಂಟು. ಗರ್ಭಕೋಶ ಮುಂತಾದವು ಜಾರಿದ್ದ 447 ಮಹಿಳೆಯರನ್ನು ಕುರಿತ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿ ತಜ್ಞರಿಂದ ಒಬ್ಬೊಬ್ಬರಾಗಿ ವ್ಯಾಯಾಮ ಕಲಿತವರಿಗೆ ಒಂದು ವರ್ಷದ ನಂತರ ತೊಂದರೆ ಹೆಚ್ಚು ತಗ್ಗಿತ್ತೆಂದು ಅದು ತೋರಿಸಿತು.

ಪ್ರಯೋಜನ ಪಡೆಯಬಹುದಾದವರು:

1. ಕೆಮ್ಮಿದಾಗ, ನಕ್ಕಾಗ, ಹೊರೆ ಎತ್ತಿದಾಗ ಮೂತ್ರ ಜಾರುವವರು. ಇವರಿಗೆ ಮೊದಲ ಚಿಕಿತ್ಸೆಯೇ ಇದು.
2. ಅವಸರವಾಗಿ ಮರೆಗೆ ಹೋಗುವಷ್ಟರಲ್ಲೇ ಮೂತ್ರವಾಗುವವರು.
3. ಗರ್ಭಕೋಶ ಸ್ವಲ್ಪ ಜಾರಿರುವವರು.
4. ಬಸುರಿಯರು ಮತ್ತು ಬಾಣಂತಿಯರು.
5. ವಾಯು ಅಥವಾ ಮಲ ತಡೆಯಲಾರದವರು.
6. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆಯ ನಂತರ ಮೂತ್ರ ನಿಲ್ಲದ ಗಂಡಸರು. ಆದ್ದರಿಂದ ಹಿಂದೆ ಕುಳಿತವರೂ ಕೇಳಿಸಿಕೊಳ್ಳಬೇಕು!

ಕೆಲವರಿಗೆ ಈ ಖಂಡಗಳು ಸಡಿಲವಾಗಿರುವುದಿಲ್ಲ, ಅತಿಯಾಗಿ ಬಿಗಿದಿರುತ್ತವೆ. ಅಂಥವರಿಗೆ ಕೆಳಹೊಟ್ಟೆಯ ನೋವು, ಗಂಡನೊಡನೆ ಕೂಡುವಾಗ ನೋವು, ಮೂತ್ರ ಸಲೀಸಾಗಿ ಹೋಗದಿರುವುದು ಕಾಣುತ್ತದೆ. ಅವರು ಬಿಗಿಯುವ ವ್ಯಾಯಾಮ ಮಾಡಿದರೆ ನೋವು ಹೆಚ್ಚಬಹುದು. ಸಡಿಲಿಸುವುದನ್ನು ಅವರು ತಜ್ಞರಿಂದಲೇ ಕಲಿಯಬೇಕು.

ಮಾಡುವ ಕ್ರಮ

ಮೂತ್ರ ಮಾಡಿ ಬಂದು, ಮಂಡಿ ಮಡಿಸಿ ಅಂಗಾತ ಮಲಗಿ. ವಾಯು ಹೊರಹೋಗದಂತೆ ಹಿಂದೆ ಬಿಗಿಹಿಡಿಯುವಂತೆ, ಜೊತೆಗೇ ಮೂತ್ರ ತಡೆಯುವಂತೆ, ಒಳಕ್ಕೂ ಮೇಲಕ್ಕೂ ಎಳೆದುಕೊಳ್ಳಿ. ಹೊಟ್ಟೆ, ತೊಡೆ, ಕುಂಡೆ ಸಡಿಲವಾಗಿರಲಿ. ಉಸಿರು ಕಟ್ಟಬಾರದು, ಕೆಳಕ್ಕೆ ಮುಕ್ಕಬಾರದು. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ಐದು ಆಗದಿದ್ದರೆ ಎರಡರಿಂದ ಪ್ರಾರಂಭಿಸಿ, ಕ್ರಮೇಣ ಹತ್ತರವರೆಗೆ ಹೋಗಿ. ಒಂದು ಸಲಕ್ಕೆ ಎಂಟು ಬಾರಿಯಂತೆ, ದಿನಕ್ಕೆ ಮೂರು ಸಲ ಮಾಡಬೇಕು. ರೂಢಿಯಾದ ಮೇಲೆ ಹಾಲು ಕಾಯಿಸುವಾಗ, ಬಸ್ಸಿಗೆ ಕಾಯುವಾಗ ನಿಂತೇ ಮಾಡಬಹುದು. ಯಾರಿಗೂ ತಿಳಿಯುವುದಿಲ್ಲ.

ಮೂತ್ರ ಮಾಡುವಾಗ ನಡುವೆ ತಡೆದು ತಡೆದು ವ್ಯಾಯಾಮ ಮಾಡುವುದು ತಪ್ಪು. ಗುಣ ಕಾಣಲು ಕನಿಷ್ಠ ಮೂರು ತಿಂಗಳು ಬೇಕು. ತೆಂಗಿನ ಸಸಿ ನೆಟ್ಟವರಿಗೆ ತಾಳ್ಮೆಯನ್ನು ನಾನು ಕಲಿಸಬೇಕಾಗಿಲ್ಲ. ಸರಿಯಾದ ಖಂಡವನ್ನೇ ಬಿಗಿಯುತ್ತಿದ್ದೀರೋ ಇಲ್ಲವೋ ಎಂದು ತಜ್ಞರಿಂದ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಬಹಳ ಜನ ಎಳೆದುಕೊಳ್ಳುವ ಬದಲು ಕೆಳಕ್ಕೆ ಮುಕ್ಕುತ್ತಾರೆ.

ಹೊಲ ಮನೆಗಳಲ್ಲಿ ಎಚ್ಚರ

ಹೊರೆ ಎತ್ತುವ ಮುನ್ನ ಈ ಖಂಡಗಳನ್ನು ಬಿಗಿದು, ಉಸಿರು ಬಿಡುತ್ತಾ ಎತ್ತಿ. ಒಂದು ದೊಡ್ಡ ಹೊರೆಯ ಬದಲು ಎರಡು ಚಿಕ್ಕ ಹೊರೆ ಮಾಡಿ. ಹೆರಿಗೆಯಾದ ಆರು ವಾರಗಳವರೆಗಾದರೂ ಭಾರ ಎತ್ತಿಸಬಾರದು. ಬಾಣಂತಿಗೆ ನೀರು ಕೊಡಬಾರದೆಂಬ ರೂಢಿ ಇನ್ನೂ ಕೆಲವು ಮನೆಗಳಲ್ಲಿದೆ. ಇದರಿಂದ ಮಲ ಗಟ್ಟಿಯಾಗಿ, ಮುಕ್ಕಿ ಮುಕ್ಕಿ ತಳ ಇನ್ನಷ್ಟು ಸಡಿಲವಾಗುತ್ತದೆ. ಬಾಣಂತಿಗೆ ಬಾಯಾರಿದಷ್ಟು ನೀರು, ಸೊಪ್ಪು, ಕಾಳು, ಹಣ್ಣು ಸಿಗಬೇಕು. ಹೊಲದಲ್ಲಿ ಮರೆಯಿಲ್ಲವೆಂದು ದಿನವಿಡೀ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ದುಡಿಯುವುದೂ ಕೆಟ್ಟದ್ದು, ಮೂತ್ರಕೋಶಕ್ಕೆ ಸೋಂಕು ತಗಲಬಹುದು. ನಾಟಿ, ಕಳೆಯ ದಿನಗಳಲ್ಲಿ ಬದುವಿನ ಮೇಲೆ ನಾಲ್ಕು ಗಳ ನೆಟ್ಟು ಸೋಗೆಯದೋ ಗೋಣಿಯದೋ ಮರೆ ಕಟ್ಟುವುದು ಹೊಲದ ಯಜಮಾನನಿಗೆ ದೊಡ್ಡ ಖರ್ಚೇನಲ್ಲ.

ವ್ಯಾಯಾಮದ ಮಿತಿ

ಗರ್ಭಕೋಶ ಪೂರ್ತಿ ಹೊರಗೆ ಬಂದಿದ್ದರೆ ವ್ಯಾಯಾಮ ಒಂದರಿಂದಲೇ ಅದು ಮೇಲೇರುವುದಿಲ್ಲ. ಒಳಗಿಡುವ ರಬ್ಬರು ಅಥವಾ ಸಿಲಿಕೋನ್ ಬಳೆಯುಂಟು, ಶಸ್ತ್ರಕ್ರಿಯೆಯೂ ಉಂಟು. ಆದರೆ "ಗರ್ಭಕೋಶ ತೆಗೆಸಿಬಿಟ್ಟರೆ ಎಲ್ಲ ಸರಿಹೋಯಿತು" ಎಂದು ಅವಸರಪಡಬಾರದು. ಗರ್ಭಕೋಶ ತೆಗೆದ ಮಾತ್ರಕ್ಕೆ ಸಡಿಲವಾದ ಜೋಲಿ ಬಿಗಿಯಾಗದು, ಉಳಿದ ಅಂಗಗಳು ಮುಂದೆ ಜಾರಬಹುದು. ವ್ಯಾಯಾಮ, ಬಳೆ, ಶಸ್ತ್ರಕ್ರಿಯೆ ಈ ಮೂರರಲ್ಲಿ ನನಗೆ ಯಾವುದು ತಕ್ಕದ್ದೆಂದು ವೈದ್ಯರನ್ನು ಕೇಳುವ ಹಕ್ಕು ನಿಮಗಿದೆ.

ಮುಟ್ಟು ನಿಂತ ಮೇಲೆ ರಕ್ತಸ್ರಾವ, ಮೂತ್ರದಲ್ಲಿ ರಕ್ತ, ಉರಿಮೂತ್ರದೊಂದಿಗೆ ಜ್ವರ, ಮೂತ್ರ ಕಟ್ಟಿಹೋಗುವುದು, ಕಾಲು ಜೋಮು ಹಿಡಿದು ಮಲಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮ ಮಾಡುತ್ತಾ ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೊದಲು ಹೇಳಿದ ಆ ತಾಯಿಗೆ ವೈದ್ಯರು ಬಳೆ ಹಾಕಿದರು, ನಾನು ವ್ಯಾಯಾಮ ಕಲಿಸಿದೆ. ನಾಲ್ಕು ತಿಂಗಳ ನಂತರ ಬಂದಾಗ, ತಂಗಿಯ ಮಗಳ ಮದುವೆಯಲ್ಲಿ ಎರಡು ದಿನ ಇದ್ದು ಬಂದೆನೆಂದರು. ಹೊರೆ ಈಗ ಮಗ ಹೊರುತ್ತಾನಂತೆ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಅತ್ತೆಯನ್ನು, ಸೊಸೆಯನ್ನು, ಅಕ್ಕನನ್ನು ಒಂದು ಮಾತು ಕೇಳಿ. ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನಿಗೋ ಹೇಳಿದರೆ ಮುಂದಿನ ದಾರಿ ತೋರಿಸುತ್ತಾರೆ. ಹಸುವಿಗಾಗಿ ರಾತ್ರಿಯಲ್ಲಿ ಎದ್ದು ಹೋಗುವ ಮನೆ, ಮನೆಯೊಡತಿಗಾಗಿ ಹಗಲಿನಲ್ಲಿ ಆಸ್ಪತ್ರೆಗೆ ಹೋಗಲಾರದೆ?