ಒಂದು ಲೋಟ ಕಾಫಿಯ ಗ್ಯಾಸ್ ಲೆಕ್ಕ



2025ರ ಏಪ್ರಿಲ್ ತಿಂಗಳು ನಮ್ಮ ಕಾಫಿ ಲೋಟದ ಮೇಲೇ ಕಣ್ಣು ಹಾಕಿಕೊಂಡು ಬಂದ ಹಾಗಿತ್ತು. 1ನೇ ತಾರೀಕು ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. 42 ಇದ್ದದ್ದು 46 ಆಯ್ತು. ಅದೇ ದಿನದಿಂದ ಕರೆಂಟು ಯೂನಿಟ್‌ಗೆ 36 ಪೈಸೆ ಜಾಸ್ತಿ. ಕಾಫಿಪುಡಿ ಅದಕ್ಕೂ ಮೊದಲೇ ಮೇಲೆ ಹೋಗಿ ಕೂತಿತ್ತು. ಇನ್ನು ಮುಗೀತಪ್ಪಾ ಅನ್ನೋ ಹೊತ್ತಿಗೆ 8ನೇ ತಾರೀಕಿನಿಂದ ಗ್ಯಾಸ್ ಸಿಲಿಂಡರ್ ಮೇಲೆ 50 ರೂಪಾಯಿ.

ಹಾಲು, ಕರೆಂಟು ಏರಿಸಿದ್ದು ಇಲ್ಲಿಯವರು, ಗ್ಯಾಸ್ ಏರಿಸಿದ್ದು ದೆಹಲಿಯವರು. ಹಾಗಾಗಿ ನಮ್ಮ ಸ್ಟುಡಿಯೋಗೆ ಎರಡೂ ಕಡೆಯವರು ಬಂದು, ಒಬ್ಬರನ್ನೊಬ್ಬರು ಬೈದು, ಕೊಟ್ಟ ಕಾಫಿ ಕುಡಿದು ಹೋದರು. ಆ ಜಗಳ ನಾಳೆನೂ ಇರುತ್ತೆ. ಇವತ್ತು ಒಲೆ ಹತ್ತಿರ ಹೋಗೋಣ.

ಮನೆ ಸಿಲಿಂಡರ್‌ನಲ್ಲಿ ಇರೋದು 14.2 ಕೆ.ಜಿ. ಗ್ಯಾಸ್. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅದಕ್ಕೆ 850 ರೂಪಾಯಿ ದಾಟಿತ್ತು. ಅಂದರೆ ಕೆ.ಜಿ.ಗೆ 60 ರೂಪಾಯಿ. ಅರ್ಧ ಲೀಟರ್ ತಣ್ಣೀರು ಕುದಿಯೋಕೆ ಹೆಚ್ಚು ಕಡಿಮೆ 6 ಗ್ರಾಂ ಗ್ಯಾಸ್ ಬೇಕು. ಆ ಬೆಲೆಯ ಲೆಕ್ಕದಲ್ಲಿ 35 ಪೈಸೆ. ಇಷ್ಟೇನಾ ಅಂತ ನೀವು ನಗಬಹುದು. ಇಷ್ಟೇ ಅಂತ ಅನ್ನಿಸೋದರಿಂದಲೇ ಅದು ಯಾರ ಕಣ್ಣಿಗೂ ಬೀಳೋದಿಲ್ಲ.

ಇಬ್ಬರಿಗೆ ಚಹಾ ಬೇಕು. ಪಾತ್ರೆನ ನಲ್ಲಿ ಕೆಳಗೆ ಹಿಡೀತೀವಿ, ಕೈ ಅಂದಾಜಿನಲ್ಲಿ ನೀರು ತುಂಬುತ್ತೆ. ಬೇಕಾದದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ. ಉಳಿದ ಬಿಸಿನೀರು ಸಿಂಕ್ ಪಾಲು. ದಿನಕ್ಕೆ ಮೂರು ಸಲ ಹೀಗಾದರೆ ವರ್ಷಕ್ಕೆ 6 ಕೆ.ಜಿ. ಮೇಲೆ ಗ್ಯಾಸ್, ಆ ಬೆಲೆಯಲ್ಲಿ ಸುಮಾರು 380 ರೂಪಾಯಿ, ಯಾರೂ ಕುಡಿಯದ ನೀರನ್ನ ಕುದಿಸೋಕೆ ಹೋಯ್ತು. ಸಿಲಿಂಡರ್‌ನ ಹತ್ತಿರಹತ್ತಿರ ಅರ್ಧ ಭಾಗ ಅದು.

ಎರಡನೇ ಸೋರಿಕೆ ಉರಿಯಲ್ಲಿದೆ. ಸಣ್ಣ ಪಾತ್ರೆಯನ್ನ ದೊಡ್ಡ ಬರ್ನರ್ ಮೇಲಿಟ್ಟು ಪೂರ್ತಿ ತಿರುಗಿಸ್ತೀವಿ. ಜ್ವಾಲೆ ಪಾತ್ರೆಯ ಪಕ್ಕದಿಂದ ಮೇಲೆದ್ದು ಅಡುಗೆಮನೆಯ ಗಾಳಿಯನ್ನ ಕಾಯಿಸುತ್ತೆ. ಐಎಸ್‌ಐ ಗುರುತಿನ ಒಲೆಗೆ ಕನಿಷ್ಠ 68 ಶೇಕಡಾ ದಕ್ಷತೆ ಇರಬೇಕು ಅನ್ನೋದು ನಿಯಮ. ಅದು ಪರೀಕ್ಷೆ ಮಾಡೋ ಕೋಣೆಯ ಲೆಕ್ಕ. ನಮ್ಮ ಕೈಯಲ್ಲಿ, ಮುಚ್ಚಳ ಇಲ್ಲದ ಪಾತ್ರೆಯಲ್ಲಿ, ಕಿಟಕಿಯಿಂದ ಗಾಳಿ ಬೀಸುವಾಗ ಅಷ್ಟು ಸಿಗೋದಿಲ್ಲ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗ್ತಿದ್ದರೆ ಬರ್ನರ್ ತೂತುಗಳು ಕಟ್ಟಿವೆ ಅಂತ ತಿಳ್ಕೊಳಿ. ಇನ್ನೊಂದು ವಿಷಯ. ನೀರು ಒಮ್ಮೆ ಕುದಿ ಬಂದ ಮೇಲೆ ಉರಿ ಎಷ್ಟು ಜೋರು ಮಾಡಿದರೂ ಅದರ ಬಿಸಿ ಏರೋದಿಲ್ಲ. ಬೆಂಗಳೂರಿನ ಎತ್ತರದಲ್ಲಿ ಅದು 97 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತೆ. ಮಲೆನಾಡಿನ ಕಷಾಯಕ್ಕಾಗಲಿ, ಧಾರವಾಡದ ಗಟ್ಟಿ ಚಹಾಕ್ಕಾಗಲಿ, ಕುದಿ ಬಂದ ಮೇಲೆ ಸಣ್ಣ ಉರಿ ಸಾಕು. ಮೇಲೊಂದು ತಟ್ಟೆ ಮುಚ್ಚಿ. ಹಾಲು ಬಿದ್ದ ಮೇಲೆ ಮಾತ್ರ ಮುಚ್ಚಬೇಡಿ, ಉಕ್ಕಿ ಒಲೆ ತೊಳೆಯೋ ಕೆಲಸ ಬೀಳುತ್ತೆ.

ಈ ವಿಷಯದಲ್ಲಿ ನಮ್ಮ ಹಳೇ ಕಾಫಿ ಫಿಲ್ಟರಿಗೆ ನಾನು ಕೈ ಮುಗೀತೀನಿ. ಬೆಳಗ್ಗೆ ಒಂದೇ ಸಲ ನೀರು ಕಾಯಿಸಿ ಮೇಲಿನ ಡಬ್ಬಿಗೆ ಸುರಿದರೆ ಮುಗೀತು. ಡಿಕಾಕ್ಷನ್ ತನ್ನ ಪಾಡಿಗೆ ತಾನು ಇಳಿಯುತ್ತೆ. ಅದಕ್ಕೆ ಗ್ಯಾಸೂ ಬೇಡ, ಕರೆಂಟೂ ಬೇಡ. ಆದರೆ ಅಲ್ಲಿ ಉಳಿಸಿದ್ದನ್ನ ಹಾಲಿನಲ್ಲಿ ಕಳೀತೀವಿ. ಫ್ರಿಜ್‌ನಿಂದ ಹಾಲಿನ ಪಾತ್ರೆನ ಹಾಗೇ ತೆಗೆದು ಒಲೆ ಮೇಲೆ ಇಡೋದು, ಒಂದು ಲೋಟ ಬಗ್ಗಿಸಿಕೊಂಡು ಉಳಿದದ್ದನ್ನ ಮತ್ತೆ ಫ್ರಿಜ್‌ಗೆ ತಳ್ಳೋದು. ಒಂದು ಲೀಟರ್ ಹಾಲು ಸಂಜೆಯೊಳಗೆ ನಾಲ್ಕು ಸಲ ಬಿಸಿಯಾಗುತ್ತೆ, ನಾಲ್ಕು ಸಲ ತಣ್ಣಗಾಗುತ್ತೆ. ಬಿಸಿ ಮಾಡೋಕೆ ಗ್ಯಾಸ್, ತಣ್ಣಗೆ ಮಾಡೋಕೆ ಕರೆಂಟ್! ಬೆಳಗ್ಗೆ ಒಮ್ಮೆ ಕಾಯಿಸಿಡಿ. ಆಮೇಲೆ ಬೇಕಾದ ಒಂದು ಲೋಟವನ್ನ ಮಾತ್ರ ಸಣ್ಣ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಕರೆಂಟ್ ಕೆಟಲ್ ತಗೊಂಡರೆ ಉಳಿಯುತ್ತಾ? ತುಂಬಾ ಜನ ಕೇಳ್ತಾರೆ. ಅರ್ಧ ಲೀಟರ್ ನೀರಿಗೆ ಕೆಟಲ್ ತಿನ್ನೋದು ಒಂದು ಯೂನಿಟ್‌ನ ಇಪ್ಪತ್ತನೇ ಒಂದು ಭಾಗ. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡರೆ 30 ಪೈಸೆ. ಗ್ಯಾಸ್‌ಗೂ ಅದಕ್ಕೂ ಆ ಬೆಲೆಯಲ್ಲಿ 5 ಪೈಸೆ ಫರಕು, ಅಷ್ಟೇ. ಅದಕ್ಕೋಸ್ಕರ ಸಾವಿರ ರೂಪಾಯಿ ಕೊಟ್ಟು ಕೆಟಲ್ ತರಬೇಡಿ. ಮನೆಯಲ್ಲಿ ಆಗಲೇ ಇದ್ದರೆ, ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ತಿಂಗಳ ಕೊನೆಗೂ ಉಳೀತಿದ್ದರೆ, ಧಾರಾಳವಾಗಿ ಬಳಸಿ. ಆದರೆ 190, 195 ಯೂನಿಟ್ ಸುಡೋ ಮನೆಯವರು ಹುಷಾರು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಆಗ ಆ ತಿಂಗಳ ಕಾಫಿ ಹೋಟೆಲ್ ಕಾಫಿಗಿಂತ ದುಬಾರಿ.

ಇಷ್ಟೆಲ್ಲ ಹೇಳಿದ್ದು ಅಡುಗೆಮನೆಯಲ್ಲಿ ಇರುವವರಿಗೆ ಅಂತ ಗಂಡಸರು ಟಿವಿ ಸೌಂಡ್ ಕಮ್ಮಿ ಮಾಡಿರಬಹುದು. ಸ್ವಾಮಿ, ಸೌಂಡ್ ಜಾಸ್ತಿ ಮಾಡಿ. ಗ್ಯಾಸ್ ಪೋಲಾಗೋದು ಬಹಳ ಸಲ ಶುರುವಾಗೋದೇ ಸೋಫಾ ಮೇಲಿಂದ. ಆರು ಗಂಟೆಗೆ ಅಪ್ಪಂಗೆ ಒಂದು, ಆರೂವರೆಗೆ ಮಗಂಗೆ ಒಂದು, ಏಳಕ್ಕೆ ಅತ್ತೆಗೆ ಒಂದು, ಪೇಪರ್ ಓದ್ತಾ ಓದ್ತಾ ಆರಿಹೋಯ್ತು ಅಂತ ಮತ್ತೆ ಬಿಸಿಗೆ ಒಂದು. ಒಲೆ ನಾಲ್ಕು ಸಲ ಹತ್ತುತ್ತೆ. ಸಿಲಿಂಡರ್ ಬೇಗ ಖಾಲಿಯಾದರೆ ಮಾತ್ರ, "ಏನಮ್ಮಾ, ಇಷ್ಟು ಬೇಗ ಮುಗಿಸಿಬಿಟ್ಯಾ?" ಅನ್ನೋ ಪ್ರಶ್ನೆ ಆಕೆಗೆ. ಎಲ್ಲರೂ ಒಟ್ಟಿಗೆ ಕೂತು ಕುಡಿಯೋಕಾಗೋದಿಲ್ಲ ಅಂದ್ರೆ ಒಂದೇ ಸಲ ಮಾಡಿ ಫ್ಲಾಸ್ಕಿಗೆ ಹಾಕಿಡಿ. ಲೇಟಾಗಿ ಎದ್ದವರು ಅದನ್ನೇ ಬಗ್ಗಿಸಿಕೊಳ್ಳಲಿ.

ಇದನ್ನ ಕೇಳಿ ಸರ್ಕಾರದವರು, ನೋಡಿ, ಜನ ಮಿತವಾಗಿ ಬಳಸಿದರೆ 50 ರೂಪಾಯಿ ಹೊರೆಯೇ ಅಲ್ಲ ಅಂತ ಹೇಳೋಕೆ ಬರಬೇಡಿ. ನಮ್ಮ ದೇಶಕ್ಕೆ ಬೇಕಾದ ಅಡುಗೆ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತೆ, ಒಪ್ಪೋಣ. ಆದರೆ ಉಜ್ವಲಾ ಸಿಲಿಂಡರಿಗೂ ಅದೇ 50 ಏರಿಸಿದ್ದೀರಲ್ಲ? ದೆಹಲಿಯಲ್ಲಿ ಅದು 503ರಿಂದ 553 ಆಯ್ತು. ಕೂಲಿ ಮಾಡೋ ಮನೆಯಲ್ಲಿ ಪೋಲು ಮಾಡೋಕೆ ಮೊದಲೇ ಏನೂ ಇರೋದಿಲ್ಲ. ಅಲ್ಲಿ ಸಿಲಿಂಡರ್ ಬುಕ್ ಮಾಡೋದು ಮುಂದಕ್ಕೆ ಹೋಗುತ್ತೆ, ಸೌದೆ ಒಲೆ ಮತ್ತೆ ಹೊಗೆಯಾಡುತ್ತೆ. ಆ ಹೆಣ್ಣುಮಗಳಿಗೆ ಉಳಿತಾಯದ ಪಾಠ ಹೇಳೋ ಮುಖ ನನಗಂತೂ ಇಲ್ಲ.

ಉಳಿದವರು ನಾಳೆ ಬೆಳಗ್ಗೆ ನಲ್ಲಿ ಕೆಳಗೆ ಪಾತ್ರೆ ಹಿಡಿಯೋ ಬದಲು, ಕುಡಿಯೋ ಲೋಟದಲ್ಲೇ ನೀರು ಅಳೆದು ಹಾಕಿ. ಎಷ್ಟು ಜನವೋ ಅಷ್ಟು ಲೋಟ. ಚಹಾ ಆದರೆ ಆವಿಗೆ ಹೋಗೋದಕ್ಕೆ ಅಂತ ಕಾಲು ಲೋಟ ಮೇಲೆ. ಹೊಸ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರ್‌ನಲ್ಲಿ ಒಂದು ಗುರುತು ಹಾಕಿಡಿ.