ಮುಖವಾಡದವರಿಗೊಂದು ರಿಜಿಸ್ಟರು



ಮುಖಕ್ಕೆ ಮುಸುಕು ಹಾಕಿಕೊಂಡ ಒಬ್ಬಾತ ರಾತ್ರಿ ಹೊತ್ತು ಬೀದಿಗಿಳಿದು ಕಳ್ಳರನ್ನು ಹಿಡಿದು ಬಡಿಯುತ್ತಾನೆ. ಅವನು ಪೊಲೀಸಲ್ಲ. ಹೆಸರು ಯಾರಿಗೂ ಗೊತ್ತಿಲ್ಲ. ಏಟು ತಪ್ಪಿ ದಾರಿಹೋಕನಿಗೆ ಬಿದ್ದರೆ ದೂರು ಕೊಡುವುದು ಯಾರ ಮೇಲೆ? ಅಮೆರಿಕದ ಸೂಪರ್‌ಹೀರೋ ಕಾಮಿಕ್ಸು ಈ ಪ್ರಶ್ನೆಯನ್ನು ಬಹುಕಾಲ ಬದಿಗೆ ಸರಿಸಿಕೊಂಡೇ ಬಂತು. 1986ರಲ್ಲಿ ಶುರುವಾದ ‘ವಾಚ್‌ಮೆನ್’ ಸರಣಿ ಅದನ್ನು ಗಂಭೀರವಾಗಿ ಎತ್ತಿತು ನಿಜ, ಆದರೆ ಅಲ್ಲಿನ ನಾಯಕರು ಆ ಕಥೆಗೆಂದೇ ಹುಟ್ಟಿದವರು. ಮಕ್ಕಳ ಅಂಗಿಯ ಮೇಲೆ ಅಚ್ಚಾಗುವ ಸ್ಪೈಡರ್‌ಮ್ಯಾನ್, ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕ ಇವರನ್ನೇ ಈ ಪ್ರಶ್ನೆಯ ಮುಂದೆ ನಿಲ್ಲಿಸಿದ್ದು ಮಾರ್ವೆಲ್ ಸಂಸ್ಥೆಯ ‘ಸಿವಿಲ್ ವಾರ್’.

2006ರ ಮೇ ತಿಂಗಳಿಂದ 2007ರ ಫೆಬ್ರವರಿವರೆಗೆ ಏಳು ಸಂಚಿಕೆಗಳಲ್ಲಿ ಅದು ಬಂತು. ಬರೆದವರು ಮಾರ್ಕ್ ಮಿಲ್ಲರ್, ಚಿತ್ರ ಸ್ಟೀವ್ ಮೆಕ್‌ನಿವನ್ ಅವರದು. ಆದರೆ ಕಥೆ ಏಳಕ್ಕೇ ನಿಲ್ಲಲಿಲ್ಲ. ಅದೇ ಸಂಸ್ಥೆಯ ಹತ್ತಾರು ಪತ್ರಿಕೆಗಳಿಗೆ ಹರಿಯಿತು. ಒಬ್ಬ ನಾಯಕ ಇಲ್ಲಿ ಬಂಧನಕ್ಕೊಳಗಾದರೆ ಅವನ ಮನೆಯವರ ಪಾಡು ಇನ್ನೊಂದು ಪತ್ರಿಕೆಯಲ್ಲಿ. ಓದುಗರ ಜೇಬಿಗೆ ಇದು ಎಷ್ಟು ಹೊರೆಯೋ ಪ್ರಕಾಶಕರಿಗೆ ಅಷ್ಟೇ ಲಾಭ, ಬಿಡಿ.

ಆರಂಭ ಕನೆಕ್ಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ಊರಿನಲ್ಲಿ. ನ್ಯೂ ವಾರಿಯರ್ಸ್ ಎಂಬ ಎಳೆಯ ನಾಯಕರ ತಂಡ ಟಿವಿ ರಿಯಾಲಿಟಿ ಶೋಗಾಗಿ, ಕ್ಯಾಮೆರಾ ಓಡುತ್ತಿರುವಾಗಲೇ, ತಮ್ಮ ಶಕ್ತಿಗೆ ಮೀರಿದ ಖಳರ ಮೇಲೆ ದಾಳಿ ಮಾಡುತ್ತದೆ. ನೈಟ್ರೊ ಎಂಬ ಖಳ ತನ್ನನ್ನೇ ಸ್ಫೋಟಿಸಿಕೊಳ್ಳುತ್ತಾನೆ. ಪಕ್ಕದಲ್ಲೇ ಶಾಲೆ. ಸತ್ತವರು 600ಕ್ಕೂ ಹೆಚ್ಚು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಶ್ರದ್ಧಾಂಜಲಿ ಸಭೆಯಿಂದ ಹೊರಬರುತ್ತಿದ್ದ ಐರನ್ ಮ್ಯಾನ್ ಅಂದರೆ ಟೋನಿ ಸ್ಟಾರ್ಕ್‌ನ ಮುಖಕ್ಕೇ ಉಗಿಯುತ್ತಾಳೆ. ಅದರ ಬೆನ್ನಿಗೇ ಕಾನೂನು ಬರುತ್ತದೆ: ಅತಿಮಾನುಷ ಶಕ್ತಿಯುಳ್ಳವರು ನಿಜವಾದ ಹೆಸರನ್ನು ಸರ್ಕಾರದಲ್ಲಿ ನೋಂದಾಯಿಸಿ, ತರಬೇತಿ ಪಡೆದು, ಸರ್ಕಾರ ಹೇಳಿದಂತೆ ಕೆಲಸ ಮಾಡಬೇಕು. ಇಲ್ಲವಾದರೆ ಜೈಲು.

ಟೋನಿ ಇದನ್ನು ಒಪ್ಪುತ್ತಾನೆ. ಬಂದೂಕಿಗೆ ಲೈಸೆನ್ಸ್ ಬೇಕಾದ ಮೇಲೆ ಅಂಗೈಯಿಂದ ಬೆಂಕಿ ಉಗುಳುವವನಿಗೆ ಬೇಡವೇ? ನೇರವಾದ ತರ್ಕ, ಸುಲಭಕ್ಕೆ ಅಲ್ಲಗಳೆಯಲು ಬರುವುದಿಲ್ಲ. ಅಚ್ಚರಿಯೆಂದರೆ, ದೇಶದ ಬಾವುಟವನ್ನೇ ಮೈಗೆ ಸುತ್ತಿಕೊಂಡಂತಿರುವ ಕ್ಯಾಪ್ಟನ್ ಅಮೆರಿಕ ವಿರೋಧಕ್ಕೆ ನಿಲ್ಲುವುದು. ಅಮೆರಿಕ ಯುದ್ಧಕ್ಕೆ ಇಳಿಯುವ ಮೊದಲೇ, ತನ್ನ ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲೇ, ಹಿಟ್ಲರನ ದವಡೆಗೆ ಗುದ್ದಿದ ಪಾತ್ರ ಅದು. ಶತ್ರು ಯಾರೆಂದು ತೀರ್ಮಾನಿಸುವ ಅಧಿಕಾರವನ್ನು ವಾಷಿಂಗ್ಟನ್ನಿನ ಕೈಗೆ ಕೊಡಲಾರೆ ಎಂಬುದು ಅವನ ವಾದ. 2001ರ ದಾಳಿಯ ನಂತರ ಬಂದ ಪೇಟ್ರಿಯಟ್ ಕಾನೂನು, ವಿಚಾರಣೆಯಿಲ್ಲದೆ ಜನರನ್ನು ಕೂಡಿಹಾಕಿದ ಗ್ವಾಂಟನಾಮೊ, ಇವನ್ನೆಲ್ಲ ಕಂಡಿದ್ದ ಅಂದಿನ ಓದುಗರಿಗೆ ವಿವರಣೆ ಬೇಕಾಗಿರಲಿಲ್ಲ.

ನಡುವೆ ಸಿಕ್ಕಿಬಿದ್ದವನು ಸ್ಪೈಡರ್‌ಮ್ಯಾನ್. ಟೋನಿಯ ಮಾತು ನಂಬಿ ಪತ್ರಕರ್ತರ ಎದುರು ಮುಖವಾಡ ಕಳಚಿ, ನಾನು ಪೀಟರ್ ಪಾರ್ಕರ್ ಅನ್ನುತ್ತಾನೆ. 1962ರಿಂದ ಕಾಪಾಡಿಕೊಂಡು ಬಂದ ಗುಟ್ಟು ಅದು. ತನ್ನ ಫೋಟೋಗಳನ್ನು ತಾನೇ ತೆಗೆದು ದಿನಪತ್ರಿಕೆಗೆ ಮಾರಿದ್ದವನು ಈತ, ಸಂಪಾದಕರ ಗತಿ ಊಹಿಸಿಕೊಳ್ಳಿ. ಆದರೆ ಆ ಹೆಸರು ಗೊತ್ತಾದ ಮೇಲೆ ಗುಂಡು ಹಾರುವುದು ಅವನತ್ತ, ತಗಲುವುದು ಅವನನ್ನು ಸಾಕಿದ ಮೇ ದೊಡ್ಡಮ್ಮನಿಗೆ.

ಎರಡೂ ಪಕ್ಷವನ್ನು ಸಮನಾಗಿ ತೂಗುತ್ತೇವೆ ಎಂಬ ಹಮ್ಮು ಕಥೆಗಿದೆ. ತಕ್ಕಡಿ ಮಾತ್ರ ನೆಟ್ಟಗೆ ನಿಲ್ಲುವುದಿಲ್ಲ. ಟೋನಿಯ ಪಕ್ಷ ಇನ್ನೊಂದು ಆಯಾಮದಲ್ಲಿ ಜೈಲು ಕಟ್ಟುತ್ತದೆ, ಜೈಲಿನಲ್ಲಿದ್ದ ಖಳರನ್ನೇ ನಾಯಕರ ಬೇಟೆಗೆ ಬಿಡುತ್ತದೆ. ಅದು ತಯಾರಿಸಿದ ಥಾರ್‌ನ ನಕಲು ಗೋಲಿಯತ್ ಎಂಬ ಹಳೆಯ ಗೆಳೆಯನನ್ನು ಕೊಲ್ಲುತ್ತದೆ. ಇಷ್ಟಾದ ಮೇಲೆ ಯಾರು ಟೋನಿಯ ಪರ ನಿಂತಾರು? ಇನ್ನೂ ಒಂದು ದೋಷ, ನನಗೆ ಇದೇ ದೊಡ್ಡದು: ಆ ಕಾನೂನಿನಲ್ಲಿ ಬರೆದಿರುವುದೇನೆಂದು ಖಚಿತವಾಗುವುದೇ ಇಲ್ಲ. ಒಂದು ಪತ್ರಿಕೆಯಲ್ಲಿ ಹೆಸರು ಕೊಟ್ಟರೆ ಸಾಕು, ಇನ್ನೊಂದರಲ್ಲಿ ಕಡ್ಡಾಯ ಸೈನ್ಯಸೇವೆ. ಕಾನೂನಿನ ಮೇಲಿನ ಜಗಳದಲ್ಲಿ ಕಾನೂನೇ ಕಾಣದಿದ್ದರೆ ಉಳಿಯುವುದು ಬರೀ ಕೈಕೈ ಮಿಲಾಯಿಸುವಿಕೆ.

ಆದರೂ ಅಂತ್ಯ ಗಟ್ಟಿಯಾಗಿದೆ. ನ್ಯೂಯಾರ್ಕಿನ ಬೀದಿಯಲ್ಲಿ ಕಡೆಯ ಕಾಳಗ. ಕ್ಯಾಪ್ಟನ್ ಗೆಲ್ಲುವ ಹಂತದಲ್ಲಿದ್ದಾನೆ. ಆಗ ಅಗ್ನಿಶಾಮಕ ದಳದವರು, ಆಂಬುಲೆನ್ಸ್ ಸಿಬ್ಬಂದಿ, ಸಾಮಾನ್ಯ ಜನ ಅವನ ಮೇಲೆಯೇ ಮುಗಿಬಿದ್ದು ತಡೆಯುತ್ತಾರೆ. ಸುತ್ತ ನೋಡಿದರೆ ಊರೆಲ್ಲ ಹಾಳು. ಅವನು ಮುಖವಾಡ ತೆಗೆದು ಶರಣಾಗುತ್ತಾನೆ. ತಿಂಗಳೊಳಗೆ, ಅವನ ಸ್ವಂತ ಪತ್ರಿಕೆಯ 25ನೇ ಸಂಚಿಕೆಯಲ್ಲಿ, ನ್ಯಾಯಾಲಯದ ಮೆಟ್ಟಿಲ ಮೇಲೆ ಕೊಲೆಯಾಗುತ್ತಾನೆ. ಈ ಕಥೆಯನ್ನು ಆಧರಿಸಿದ 2016ರ ಸಿನಿಮಾದಲ್ಲಿ ಈ ಬೀದಿಯ ಜನವೇ ಇಲ್ಲ. ಅಲ್ಲಿ 117 ದೇಶಗಳ ಒಪ್ಪಂದದಿಂದ ಹೊರಟ ಜಗಳ ಕಡೆಗೆ ಟೋನಿಯ ಅಪ್ಪ ಅಮ್ಮನ ಕೊಲೆಯ ಸೇಡಿಗೆ ಇಳಿಯುತ್ತದೆ.

ಕಾಮಿಕ್ಸಿನಲ್ಲಿ ಗೆದ್ದ ಟೋನಿ ಶೀಲ್ಡ್ ಎಂಬ ಭದ್ರತಾ ಸಂಸ್ಥೆಯ ಮುಖ್ಯಸ್ಥನಾದ. ಹೆಸರುಗಳ ಪಟ್ಟಿ ಅವನ ವಶದಲ್ಲಿ, ಎಲ್ಲ ಕ್ಷೇಮ ಅಂದುಕೊಂಡ. 2008ರ ಇನ್ನೊಂದು ಕಥೆಯಲ್ಲಿ ಅನ್ಯಗ್ರಹದವರ ದಾಳಿಯಾಗಿ ಅವನ ಕೆಲಸ ಹೋಯಿತು. ಆ ಅಧಿಕಾರಕ್ಕೆ ಸರ್ಕಾರ ತಂದು ಕೂರಿಸಿದ್ದು ಯಾರನ್ನು ಗೊತ್ತೇ? ನಾರ್ಮನ್ ಆಸ್ಬಾರ್ನ್‌ನನ್ನು, ಅಂದರೆ ಗ್ರೀನ್ ಗಾಬ್ಲಿನ್ ಎಂಬ ಕೊಲೆಗಡುಕ ಖಳನನ್ನು! ಕಾನೂನು ಅದೇ, ಒಂದಕ್ಷರ ಬದಲಾಗಿಲ್ಲ. ಪಟ್ಟಿ ಅವನ ಕೈಗೆ ಸಿಗದಂತೆ ಟೋನಿ ಅದರ ಪ್ರತಿಗಳನ್ನೆಲ್ಲ ಅಳಿಸಿದ. ಉಳಿದಿದ್ದು ಒಂದೇ ಪ್ರತಿ, ಅದೂ ಯಂತ್ರಕ್ಕೆ ಬೆಸೆದಿದ್ದ ಅವನ ಮಿದುಳಿನಲ್ಲಿ. ದೇಶದಿಂದ ದೇಶಕ್ಕೆ ಓಡುತ್ತಾ, ತನ್ನ ಬುದ್ಧಿ, ನೆನಪು ಎಲ್ಲವನ್ನೂ ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತಾ, ತಾನು ಕೇಳಿ ಬರೆಸಿಕೊಂಡ ಹೆಸರುಗಳನ್ನು ತಾನೇ ಅಳಿಸುತ್ತಾ ಹೋದ.