ಗೀಸರಿನಲ್ಲಿ ಹಾಳಾದದ್ದು ಯಾವುದು?

ಮಕ್ಕಳೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳೆಯ ಮನೆಗಳ ಬಚ್ಚಲಿನಲ್ಲಿ ಈಗಲೂ ತಾಮ್ರದ ಹಂಡೆ ಕಾಣಸಿಗುತ್ತದೆ. ಒಲೆಗೆ ಒಣಗಿದ ಮಡಲು, ತೆಂಗಿನ ಸಿಪ್ಪೆ, ಅಡಿಕೆ ಸಿಪ್ಪೆ ತುರುಕಿ ಬೆಂಕಿ ಹಾಕಿದರೆ ಮನೆಮಂದಿಗೆಲ್ಲ ಸಾಕಾಗುವಷ್ಟು ಬಿಸಿನೀರು. ಅಜ್ಜನ ಕಾಲದ ಹಂಡೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಅದೇ ಬಚ್ಚಲಿನ ಗೋಡೆಗೆ ನೇತುಹಾಕಿದ ಗೀಸರ್ ಮಾತ್ರ ಕೆಲವೇ ವರ್ಷಗಳಲ್ಲಿ ಕೈಕೊಡುವುದುಂಟು. ಆಗ ಮನೆಯಲ್ಲಿ ಮಾತು ಶುರು: ರಿಪೇರಿ ಮಾಡಿಸೋಣವೇ, ಹೊಸತು ತರೋಣವೇ? ನನ್ನನ್ನು ಕೇಳಿದರೆ, ದುಡ್ಡಿನ ಲೆಕ್ಕ ಆಮೇಲೆ. ಹಾಳಾದದ್ದು ಯಾವ ಭಾಗ ಎಂದು ಮೊದಲು ತಿಳಿಯಬೇಕು.

ಗೀಸರಿನ ಒಳಗೆ ನೀರು ತುಂಬುವ ತೊಟ್ಟಿಯಿದೆ. ಅದರೊಳಗೆ ಕಾಯಿಲ್ ಇದೆ. ಕಾಯಿಲ್ ಎಂದರೆ ಬಾಗಿಸಿದ ಲೋಹದ ಕೊಳವೆ. ಅದರ ನಡುವೆ ನಿಕ್ಕಲ್ ಮತ್ತು ಕ್ರೋಮಿಯಂ ಬೆರೆಸಿ ಮಾಡಿದ ನೈಕ್ರೋಮ್ ತಂತಿ. ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ಈ ಮಿಶ್ರಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟ್ ಪಡೆದರು. ತಂತಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಗಟ್ಟಿಯಾಗಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ದಾಟಿಸುತ್ತದೆ, ವಿದ್ಯುತ್ತನ್ನು ದಾಟಿಸುವುದಿಲ್ಲ. ಅದಕ್ಕೇ ನೀರು ಬಿಸಿಯಾಗುತ್ತದೆ, ನಮಗೆ ಶಾಕ್ ಹೊಡೆಯುವುದಿಲ್ಲ. ಕೊಳವೆ ತೂತಾಗಿ ಪುಡಿಗೆ ನೀರು ಸೇರಿತೋ, ಕರೆಂಟು ನೀರಿಗೆ ಹರಿಯತೊಡಗುತ್ತದೆ. ಸ್ವಿಚ್ ಹಾಕಿದೊಡನೆ ಮನೆಯ ಬ್ರೇಕರ್ ಟ್ರಿಪ್ ಆಗುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಟ್ರಿಪ್ ಆದಾಗ ಅದನ್ನು ಮತ್ತೆ ಮತ್ತೆ ಮೇಲೆತ್ತಿ ಹಾಕುವುದು ಬಹಳ ಅಪಾಯ.

ಇನ್ನು ಥರ್ಮೋಸ್ಟಾಟ್. ನೀರು ಸಾಕಷ್ಟು ಕಾದೊಡನೆ ಕರೆಂಟು ಕಡಿಯುವುದು ಅದರ ಕೆಲಸ. ಕಾಯಿಲ್, ಥರ್ಮೋಸ್ಟಾಟ್ ಎರಡೂ ಬಿಚ್ಚಿ ಬದಲಿಸಬಹುದಾದ ಭಾಗಗಳು. ಇವು ಕೆಟ್ಟವೆಂದು ಇಡೀ ಗೀಸರನ್ನು ಗುಜರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಏನೂ ಕೆಡದೆಯೂ ಗೀಸರಿನ ಮೇಲೆ ದೂರು ಬರುವುದುಂಟು: ನೀರು ಬೇಗ ಕಾಯುವುದಿಲ್ಲ ಎಂದು. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೋಜೂಲ್ ಶಾಖ ಬೇಕು. 15 ಲೀಟರ್ ನೀರನ್ನು 27 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಎಷ್ಟು ಬೇಕು, ಗುಣಿಸಿ ನೋಡಿ: ಸುಮಾರು 2,080 ಕಿಲೋಜೂಲ್. ಅಂದರೆ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ಕರೆಂಟು. 2,000 ವ್ಯಾಟಿನ ಕಾಯಿಲ್‌ಗೆ ಇದು ಸುಮಾರು 17 ನಿಮಿಷದ ಕೆಲಸ. ಆದರೆ ಬೇಸಿಗೆಯಲ್ಲಿ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡಿ, ವೋಲ್ಟೇಜು 230ರಿಂದ 180ಕ್ಕೆ ಇಳಿಯಿತೆನ್ನಿ. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಶಕ್ತಿ ಕುಗ್ಗುವುದರಿಂದ ಅದೇ ಕಾಯಿಲ್ ಸುಮಾರು 1,225 ವ್ಯಾಟ್ ಮಾತ್ರ ಕೊಡುತ್ತದೆ. ನೀರು ಕಾಯಲು 28 ನಿಮಿಷ! ಇಂಥ ದಿನ ಗೀಸರನ್ನು ಬೈದು ಪ್ರಯೋಜನವಿಲ್ಲ.

ಸೇಫ್ಟಿ ವಾಲ್ವಿನಿಂದ ಹನಿ ತೊಟ್ಟಿಕ್ಕುವುದೂ ಹೀಗೆಯೇ. ಕಾದ ನೀರು ಹಿಗ್ಗುತ್ತದೆ. ಆ 15 ಲೀಟರಿಗೆ ಸುಮಾರು 200 ಮಿಲಿಲೀಟರ್ ಹೆಚ್ಚಾಗುತ್ತದೆ. ಅದು ಎಲ್ಲಿಗಾದರೂ ಹೋಗಬೇಕಲ್ಲ! ನೀರು ಕಾಯುವಾಗ ಮಾತ್ರ ನಾಲ್ಕು ಹನಿ ಬಿದ್ದರೆ ವಾಲ್ವು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಅದನ್ನು ಯಾರೂ ಬಿಗಿದು ಮುಚ್ಚಬಾರದು.

ನಿಜವಾದ ತೊಂದರೆ ತೊಟ್ಟಿಯದು. ಇಲ್ಲಿ ನಮ್ಮ ಊರಿನ ಮಣ್ಣಿನ ಕಥೆ ಬರುತ್ತದೆ. ಬಯಲುಸೀಮೆಯ ಗಡಸು ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಕಾದಾಗ ಅದು ಬೇರ್ಪಟ್ಟು ಕಾಯಿಲ್ ಮೇಲೆ ಬಿಳಿ ಹೆಪ್ಪಾಗಿ ಕೂರುತ್ತದೆ. ಶಾಖ ನೀರಿಗೆ ಸರಿಯಾಗಿ ದಾಟದೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ನಮ್ಮಲ್ಲಿ ಹಾಗಲ್ಲ, ನಮ್ಮದು ಮುರಕಲ್ಲಿನ ನಾಡು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಲಕ್ಷಾಂತರ ವರ್ಷ ಹೀಗೆ ಸುರಿದ ಮಳೆ ನೆಲದ ಸುಣ್ಣವನ್ನೆಲ್ಲ ತೊಳೆದು ಒಯ್ದಿದೆ. ಮಳೆನೀರು ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಇರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ಆಮ್ಲವನ್ನು ತಟಸ್ಥಗೊಳಿಸಲು ಮುರಕಲ್ಲಿನಲ್ಲಿ ಸುಣ್ಣ ಉಳಿದಿಲ್ಲ. ಹಾಗಾಗಿ ನಮ್ಮ ಅನೇಕ ಬಾವಿಗಳ ನೀರು ಮೆದು, ಅದರ ಪಿಎಚ್ 7ಕ್ಕಿಂತ ಕಡಿಮೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಕೊಳವೆಬಾವಿಯ ನೀರು ಆಳದ ಬಂಡೆಗಳ ಸಂದಿಯಲ್ಲಿ ಬಹುಕಾಲ ನಿಂತು ಖನಿಜಗಳನ್ನು ಕರಗಿಸಿಕೊಂಡಿರುವುದರಿಂದ ಬಾವಿಯ ನೀರಿಗಿಂತ ಬೇರೆ ಬಗೆಯದಾಗಿರಬಹುದು.

ಹಂಡೆ ಬಾಳಿಕೆ ಬಂದದ್ದರ ಗುಟ್ಟೂ ಈ ತುಕ್ಕಿನ ವಿಷಯದಲ್ಲೇ ಇದೆ. ತಾಮ್ರ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಬಾಯಿ ತೆರೆದ ಪಾತ್ರೆಯಾದ್ದರಿಂದ ಒತ್ತಡವೂ ಇಲ್ಲ.

ಉಕ್ಕಿನ ತೊಟ್ಟಿಯನ್ನು ಕಾಪಾಡಲು ಒಳಮೈಗೆ ಗಾಜಿನಂಥ ಲೇಪ ಕೊಡುತ್ತಾರೆ. ಜೊತೆಗೆ ಒಂದು ಮೆಗ್ನೀಸಿಯಂ ಸರಳನ್ನು ಇಳಿಬಿಡುತ್ತಾರೆ. ಮೆಗ್ನೀಸಿಯಂ ಕಬ್ಬಿಣಕ್ಕಿಂತ ಚುರುಕಾಗಿ ನೀರಿನೊಡನೆ ವರ್ತಿಸುವ ಲೋಹ. ತಾನು ಸವೆಯುತ್ತ, ಕಬ್ಬಿಣವನ್ನು ಸವೆಯಗೊಡುವುದಿಲ್ಲ. ಈ ಉಪಾಯ ಹಂಫ್ರಿ ಡೇವಿಯವರದು. ಸಮುದ್ರದ ನೀರಿಗೆ ಸವೆಯುತ್ತಿದ್ದ ಹಡಗಿನ ತಾಮ್ರದ ತಗಡಿಗೆ ಅವರು 1824ರಲ್ಲಿ ಸತುವಿನ ತುಂಡು ಜೋಡಿಸಿದರು. ತಾಮ್ರ ಸವೆಯುವುದು ನಿಂತಿತು. ಆದರೆ ಕರಗುವ ತಾಮ್ರ ತಾನೇ ಕಡಲಜೀವಿಗಳನ್ನು ದೂರವಿಡುತ್ತಿದ್ದದ್ದು? ಈಗ ಚಿಪ್ಪುಜೀವಿಗಳು ಹಡಗಿನ ಅಡಿಗೆ ಮುತ್ತಿಕೊಂಡವು! ಹಡಗಿನಲ್ಲಿ ತೊಡಕಾದರೂ ಗೀಸರಿನಲ್ಲಿ ಆ ಉಪಾಯ ಚೆನ್ನಾಗಿ ನಡೆಯುತ್ತದೆ. ಸರಳು ಪೂರ್ತಿ ಸವೆಯುವ ಮೊದಲೇ ಹೊಸತು ಹಾಕಿಸಿದರೆ ತೊಟ್ಟಿಯ ಆಯಸ್ಸು ಹೆಚ್ಚುತ್ತದೆ. ನಮ್ಮ ಕಡೆ ಇದನ್ನು ನೋಡಿಸುವವರು ಕಡಿಮೆ ಎಂಬುದೇ ನನ್ನ ಸಂಕಟ.

ತೊಟ್ಟಿಯೇ ತೂತಾದರೆ ರಿಪೇರಿ ಬೇಡ. ವೆಲ್ಡಿಂಗ್ ಮಾಡಿದರೆ ಆ ಬಿಸಿಗೆ ಒಳಗಿನ ಲೇಪ ಬಿರಿಯುತ್ತದೆ, ಸುತ್ತಲಿನ ಶಾಖನಿರೋಧಕ ಫೋಮ್ ಕೆಡುತ್ತದೆ, ಬೆಸೆದ ಜಾಗ ಒತ್ತಡಕ್ಕೆ ಮತ್ತೆ ಬಿಡುತ್ತದೆ. ಹೊಸತನ್ನೇ ತರಬೇಕು. ತರುವಾಗ ಮೇಲಿನ ಸ್ಟಾರ್ ಗುರುತು ನೋಡಿ. ನೀರು ಸುಮ್ಮನೆ ನಿಂತಿರುವಾಗ ಎಷ್ಟು ಶಾಖ ಸೋರುತ್ತದೆ ಎಂಬುದನ್ನು ಅಳೆದು ಕೊಡುವ ಗುರುತು ಅದು. ಸ್ಟಾರ್ ಹೆಚ್ಚಿದ್ದಷ್ಟೂ ಸೋರಿಕೆ ಕಡಿಮೆ.

ತೊಟ್ಟಿ ತುಕ್ಕು ಹಿಡಿದಿದೆಯೇ ಎಂದು ನೀವೇ ಅಂದಾಜು ಮಾಡಬಹುದು. ಎರಡು ಬಿಳಿ ಪಾತ್ರೆ ತನ್ನಿ. ಒಂದಕ್ಕೆ ತಣ್ಣೀರಿನ ನಲ್ಲಿಯಿಂದ ನೀರು ಹಿಡಿಯಿರಿ. ಇನ್ನೊಂದಕ್ಕೆ ಬಿಸಿನೀರು, ಅದನ್ನು ಹಿಡಿಯಲು ದೊಡ್ಡವರಿಗೆ ಹೇಳಿ. ಎರಡರಲ್ಲೂ ಕೆಂಪು ಬಣ್ಣವಿದ್ದರೆ ಅದು ಬಾವಿಯ ಅಥವಾ ಪೈಪಿನ ಕಬ್ಬಿಣ. ಬಿಸಿನೀರಿನಲ್ಲಿ ಮಾತ್ರ ಕೆಂಪಿದ್ದರೆ ಅನುಮಾನ ಗೀಸರಿನ ಮೇಲೆ.

ಮುಚ್ಚಳ ಬಿಚ್ಚುವ ಕೆಲಸಕ್ಕೆ ಮಾತ್ರ ನೀವು ಕೈಹಾಕಬೇಡಿ. ಅದು ಇಲೆಕ್ಟ್ರಿಶಿಯನ್ ಅಣ್ಣನ ಕೆಲಸ. ಅವರು ಬಂದ ದಿನ ಶಾಲೆಗೆ ರಜೆಯಿದ್ದರೆ ದೂರದಲ್ಲಿ ನಿಂತು, "ಅಣ್ಣ, ಮೆಗ್ನೀಸಿಯಂ ಸರಳು ಎಷ್ಟು ಉಳಿದಿದೆ, ಸ್ವಲ್ಪ ತೋರಿಸುತ್ತೀರಾ?" ಎಂದು ಕೇಳಿ.